ಹೊಸ ಊರಿನಲ್ಲಿ ಅಂಗಡಿಯ ಗುರುತು: ಬಳ್ಳಾರಿ, ಸಿರುಗುಪ್ಪ, ಕುರುಗೋಡು

ಒಂದು ಊರನ್ನು ಬಿಟ್ಟು ಮತ್ತೊಂದು ಊರಿಗೆ ಬಂದು ನೆಲೆಸುವವನಿಗೆ ಬಾಡಿಗೆಯ ಮನೆ ಒಂದು ವಾರದಲ್ಲಿ ದೊರೆಯಬಹುದು. ನೆಚ್ಚಿಕೆಯ ಅಂಗಡಿಗಳು ದೊರೆಯಬೇಕಾದರೆ ವರ್ಷವೇ ಹಿಡಿಯುತ್ತದೆ. ಅಂಗಡಿಗಳ ಕೊರತೆಯಿಂದ ಹೀಗಾಗುವುದೆಂದು ಭಾವಿಸಲಾಗದು. 2011ರ ಜನಗಣತಿಯ ವೇಳೆಗೆ ನಾಲ್ಕು ಲಕ್ಷ ಜನಸಂಖ್ಯೆಯನ್ನು ಮುಟ್ಟಿ ದಾಟಿದ್ದ ಬಳ್ಳಾರಿಯಲ್ಲಿ ಅಂಗಡಿಯಿಲ್ಲದ ಬೀದಿಯನ್ನು ಹುಡುಕುವುದೇ ಕಷ್ಟ. ಆದರೂ ವರ್ಗವಾಗಿ ಬಂದ ಅಧ್ಯಾಪಕನೊಬ್ಬನು ಮೊದಲ ತಿಂಗಳುಗಳಲ್ಲಿ ಬೆಂಗಳೂರು ರಸ್ತೆಯ ದೀಪಾಲಂಕಾರದ ಮಳಿಗೆಗಳಿಗೇ ಹೋಗಿಬರುತ್ತಾನೆ. ಕಲ್ಲಿಲ್ಲದ ಜೋಳವನ್ನು ತೂಗಿಕೊಡುವವರು ಯಾರು, ಜೋಳಕ್ಕೂ ಗೋಧಿಗೂ ಬೇರೆ ಬೇರೆ ಯಂತ್ರಗಳನ್ನಿಟ್ಟಿರುವ ಹಿಟ್ಟಿನ ಗಿರಣಿ ಎಲ್ಲಿದೆ, ಷರಾಯಿಯ ಅಂಚನ್ನು ಸಂಜೆಯೊಳಗೆ ಮಡಿಸಿ ಹೊಲಿದುಕೊಡುವ ದರ್ಜಿ ಯಾವ ಸಂದಿಯಲ್ಲಿ ಕುಳಿತಿದ್ದಾನೆ ಎಂಬಿವು ಅವನಿಗೆ ತಿಳಿದುಬರುವುದು ಬಹಳ ತಡವಾಗಿ. ಈ ತಿಳಿವಳಿಕೆ ಯಾವ ಪಟ್ಟಿಯಲ್ಲಿಯೂ ಅಚ್ಚಾಗಿಲ್ಲ. ಅದು ಹೇಗೆ ದೊರೆಯುತ್ತದೆ, ಆ ಅಂಗಡಿಗಳು ಇರುವಲ್ಲಿಯೇ ಏಕೆ ಇವೆ, ಅವುಗಳನ್ನು ಕಂಡುಕೊಳ್ಳುವವನಿಗೆ ಊರಿನ ಚರಿತ್ರೆಯ ಯಾವ ಅಂಶ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡಲು ಯತ್ನಿಸಿದ್ದೇವೆ.

ಮೊದಲು ಒಂದು ಸ್ಪಷ್ಟನೆ. ನಾವು ಇಲ್ಲಿ ‘ಸ್ವಂತ ಅಂಗಡಿ’ ಎಂದು ಕರೆಯುವುದು ಗಲ್ಲಾಪೆಟ್ಟಿಗೆಯ ಹಿಂದೆ ಒಡೆಯನೇ, ಇಲ್ಲವೆ ಅವನ ಮನೆಯವರೇ ಕುಳಿತಿರುವ ಅಂಗಡಿಯನ್ನು. ಅಂಗಡಿಯ ಗಾತ್ರ ಇಲ್ಲಿ ಮುಖ್ಯವಲ್ಲ. ಏನನ್ನು ತರಿಸಬೇಕು, ಯಾರಿಗೆ ಎಷ್ಟು ಬಿಡಬೇಕು, ಯಾರಿಗೆ ಸಾಲ ಕೊಡಬೇಕು ಎಂಬ ಮೂರು ತೀರ್ಮಾನಗಳನ್ನು ಅಲ್ಲಿಯೇ ಕುಳಿತವರು ಮಾಡಬಲ್ಲರೆ ಅದು ಸ್ವಂತ ಅಂಗಡಿ. ಮೇಲಿನವರನ್ನು ಕೇಳಬೇಕಾದರೆ ಅದು ಶಾಖೆ. ಗಿರಾಕಿಗೆ ಈ ವ್ಯತ್ಯಾಸ ಬೇಗನೆ ಗೊತ್ತಾಗುತ್ತದೆ. ಶಾಖೆಯಲ್ಲಿ ಚೌಕಾಶಿಗೆ ಎಡೆಯಿಲ್ಲ, ಕೊಸರಿಗೂ ಎಡೆಯಿಲ್ಲ. ಕೊಸರು ಎಂಬುದು ನಮ್ಮ ಸಂತೆಪೇಟೆಗಳ ಹಳೆಯ ಪದ. ಅಳೆದು ಮುಗಿದ ಮೇಲೆ ಗಿರಾಕಿಯು ಕೇಳುವ ಒಂದು ಹಿಡಿ, ಮಾರುವವನು ಗೊಣಗುತ್ತಲೇ ಹಾಕುವ ಒಂದು ಹಿಡಿ. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಸ್ಥಾನವಿಲ್ಲದಿದ್ದರೂ ಮಾರುವವನಿಗೂ ಕೊಳ್ಳುವವನಿಗೂ ಇರುವ ಸಂಬಂಧದ ಅಳತೆ ಅದರಲ್ಲಿದೆ.

ಬಳ್ಳಾರಿಗೆ ಹೊಸಬರು ಬರುತ್ತಲೇ ಇರುತ್ತಾರೆ. 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು, 1990ರ ದಶಕದಲ್ಲಿ ತೋರಣಗಲ್ಲಿನಲ್ಲಿ ತಲೆಯೆತ್ತಿದ ಉಕ್ಕಿನ ಕಾರ್ಖಾನೆ, ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರ, 2010ರಲ್ಲಿ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯ, ಇವೆಲ್ಲವೂ ಹೊರಗಿನವರನ್ನು ಕರೆತಂದಿವೆ. ಇವರಲ್ಲಿ ಬಹುಮಂದಿಗೆ ಬಳ್ಳಾರಿಯೆಂದರೆ ಬಿಸಿಲು, ಕೋಟೆ, ಅದಿರು. ಊರಿನ ವಿಷಯವಾಗಿ ಇವರಿಗಿರುವ ಅರಿವನ್ನು ತಿದ್ದುವ ಕೆಲಸ ಪುಸ್ತಕಗಳಿಗಿಂತ ಮೊದಲು ಅಂಗಡಿಗಳಿಂದಲೇ ಆಗುತ್ತದೆ.

ಅಂಗಡಿಯನ್ನು ಕಂಡುಕೊಳ್ಳುವ ಬಗೆಯನ್ನು ಶಾಸ್ತ್ರೀಯವಾಗಿ ನೋಡಿದವರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ ಪ್ರಮುಖ. ಮೊರಾಕ್ಕೊ ದೇಶದ ಸೆಫ್ರೂ ಎಂಬ ಪಟ್ಟಣದ ಪೇಟೆಯನ್ನು ಕುರಿತು 1978ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆತನು ಹೇಳಿದ ಸಂಗತಿ ಸ್ಥೂಲವಾಗಿ ಹೀಗಿದೆ: ಇಂಥ ಪೇಟೆಯಲ್ಲಿ ಸರಕಿಗಿಂತಲೂ ದುರ್ಲಭವಾದುದು ಸರಕನ್ನು ಕುರಿತ ತಿಳಿವಳಿಕೆ. ಯಾವುದು ಒಳ್ಳೆಯದು, ಯಾವುದರ ಬೆಲೆ ನ್ಯಾಯವಾದುದು ಎಂಬುದು ಎಲ್ಲರಿಗೂ ಸಮನಾಗಿ ತಿಳಿದಿರುವುದಿಲ್ಲ. ಆದ್ದರಿಂದ ಕೊಳ್ಳುವವನ ಮುಖ್ಯ ಉದ್ಯೋಗವೇ ಹುಡುಕಾಟ. ಈ ಹುಡುಕಾಟದ ಶ್ರಮವನ್ನು ತಗ್ಗಿಸಿಕೊಳ್ಳಲು ಅವನು ಕೆಲವು ಅಂಗಡಿಗಳಿಗೆ ವಾಡಿಕೆಯ ಗಿರಾಕಿಯಾಗುತ್ತಾನೆ. ಎಲ್ಲ ಅಂಗಡಿಗಳಲ್ಲೂ ಬೆಲೆ ಕೇಳುತ್ತ ಅಲೆಯುವುದಕ್ಕೆ ಬದಲಾಗಿ ಒಂದೇ ಅಂಗಡಿಯವನೊಡನೆ ಆಳವಾಗಿ ಚೌಕಾಶಿ ಮಾಡುತ್ತಾನೆ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಂದು ಬೆಳಗಿನ ಹೊತ್ತು ನಿಂತು ನೋಡಿದವರಿಗೆ ಸೆಫ್ರೂ ಅಷ್ಟೇನೂ ದೂರದ ಊರೆನಿಸುವುದಿಲ್ಲ.

ಹೊಸಬನು ಕೇಳುವುದಾದರೂ ಯಾರನ್ನು? ಮನೆಯ ಒಡತಿ, ಹಾಲಿನವನು, ಕಚೇರಿಯ ಜವಾನ, ಆಟೋ ಚಾಲಕ, ಇವರೇ ಅವನ ಮೊದಲ ಮಾರ್ಗದರ್ಶಕರು. ಇವರ ಉತ್ತರಗಳಲ್ಲಿ ಅಂಗಡಿಯ ಹೆಸರು ಬರುವುದು ಅಪರೂಪ. ‘ಗುಡಿ ಹಿಂದೆ’, ‘ಗಿರಣಿ ಪಕ್ಕ’, ‘ಸಾವ್ಕಾರ್ರ ಅಂಗಡಿ’ ಎಂಬ ಗುರುತುಗಳಿಂದಲೇ ಅಂಗಡಿ ತಿಳಿಯಬೇಕು. ಫಲಕದ ಮೇಲಿನ ಹೆಸರು ಒಂದಾದರೆ ಜನದ ಬಾಯಲ್ಲಿರುವ ಹೆಸರು ಇನ್ನೊಂದು; ಆ ಎರಡನೆಯ ಹೆಸರನ್ನು ಬಲ್ಲವನೇ ಊರಿನವನು. ಇನ್ನು ಭಾಷೆಯ ವಿಷಯ. ಬಳ್ಳಾರಿಯ ಗಲ್ಲಾಪೆಟ್ಟಿಗೆಯ ಮುಂದೆ ಕನ್ನಡ, ತೆಲುಗು, ಉರ್ದುಗಳು ಒಂದೇ ವ್ಯವಹಾರದಲ್ಲಿ ಒಂದರ ಹಿಂದೊಂದು ಬಂದುಹೋಗುತ್ತವೆ. ಅಂಗಡಿಯವನು ಗಿರಾಕಿಯ ಮುಖ ನೋಡಿ ಭಾಷೆಯನ್ನು ಆರಿಸಿಕೊಳ್ಳುತ್ತಾನೆ. ಊಹೆ ತಪ್ಪಿದರೆ ಎರಡನೆಯ ಮಾತಿಗೆ ಸರಿಪಡಿಸಿಕೊಳ್ಳುತ್ತಾನೆ. ಸಂಬೋಧನೆಯಲ್ಲಿಯೂ ಒಂದು ಕ್ರಮವಿದೆ. ಮೊದಮೊದಲು ‘ಸಾರ್’, ‘ಮೇಡಂ’. ಪರಿಚಯವಾದ ಮೇಲೆ ‘ಅಣ್ಣಾ’, ‘ಅಕ್ಕಾ’. ಈ ಬದಲಾವಣೆ ಎಷ್ಟನೆಯ ಭೇಟಿಯಲ್ಲಿ ಆಗುತ್ತದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಿದರೆ ಸ್ವಾರಸ್ಯವಾದ ಸಾಮಗ್ರಿ ದೊರೆತೀತು.

ಈಗ ಆ ಅಂಗಡಿಗಳು ಎಲ್ಲಿಂದ ಬಂದವೆಂಬ ಪ್ರಶ್ನೆಗೆ ಬರೋಣ. 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ ದತ್ತಮಂಡಲಗಳಲ್ಲಿ ಬಳ್ಳಾರಿಯ ಸೀಮೆಯೂ ಸೇರಿತ್ತು. ಥಾಮಸ್ ಮನ್ರೋ ಅಲ್ಲಿಯ ಮೊದಲ ಮುಖ್ಯ ಕಲೆಕ್ಟರನಾದನು. ಕೋಟೆಯ ಕೆಳಗಿನ ಊರಿಗೆ ಸೇರಿದಂತೆ ದಂಡು ಬೆಳೆಯಿತು. ದಂಡಿನ ಹಿಂದೆಯೇ ಅದಕ್ಕೆ ಬೇಕಾದುದನ್ನು ಒದಗಿಸುವವರು ಬಂದರು. ಕೌಲು ಎಂದರೆ ಆಳುವವರು ಒಕ್ಕಲಿಗೋ ವರ್ತಕನಿಗೋ ಬರೆದುಕೊಡುವ ಅಭಯಪತ್ರ, ಕರಾರು. ಕೌಲ್ ಬಜಾರ್ ಎಂಬ ಹೆಸರಿನಲ್ಲಿ ಅಂಥ ಕರಾರಿನ ನೆನಪು ಇನ್ನೂ ಉಳಿದಿದೆ. ಬ್ರೂಸ್‌ಪೇಟೆಯ ಹೆಸರಿನಲ್ಲಿ ಕಂಪೆನಿಯ ಕಾಲದ ಒಬ್ಬ ಆಂಗ್ಲ ಅಧಿಕಾರಿ ಉಳಿದಿದ್ದಾನೆ. ದಂಡು ಹೋಯಿತು, ಕಂಪೆನಿ ಹೋಯಿತು. ದಂಡಿಗಾಗಿ ಬಂದು ನೆಲೆಸಿದವರ ಬೀದಿಗಳು ಹೋಗಲಿಲ್ಲ.

ಆಮೇಲಿನ ಪದರಗಳೂ ಇವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚಿತವಾದಾಗ ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ಒಂದೇ ಜಿಲ್ಲೆಯ ಪೇಟೆಗಳ ನಡುವೆ ರಾಜ್ಯದ ಗಡಿ ಹಾದುಹೋಯಿತು. ಅದೇ ವರ್ಷ ತುಂಗಭದ್ರಾ ಕಾಲುವೆಗಳಿಗೆ ನೀರು ಬಂದಿತು. ನೀರಿನ ಹಿಂದೆ ಕರಾವಳಿ ಆಂಧ್ರದ ರೈತಕುಟುಂಬಗಳು ಬಂದು, ಇಂದಿಗೂ ‘ಕ್ಯಾಂಪು’ ಎಂದೇ ಕರೆಸಿಕೊಳ್ಳುವ ಊರುಗಳನ್ನು ಕಟ್ಟಿಕೊಂಡವು. ಅವರ ರುಚಿಗೆ ತಕ್ಕ ಉಪ್ಪಿನಕಾಯಿ, ಪಚ್ಚಡಿ, ಅಕ್ಕಿಯ ತಳಿ ಅಂಗಡಿಗಳಿಗೆ ಬಂದವು. ದಕ್ಷಿಣ ಕನ್ನಡದಿಂದ ಹೋಟೆಲಿನವರು, ರಾಜಸ್ಥಾನದಿಂದ ಬಟ್ಟೆಯ ಮತ್ತು ಗಿರವಿಯ ವ್ಯಾಪಾರಿಗಳು, ಕರ್ನಾಟಕದ ಊರೂರಿನಲ್ಲಿಯೂ ಕಾಣುವ ಅಯ್ಯಂಗಾರ್ ಬೇಕರಿಗಳವರು ಬಂದರು. ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಾಗ ಲಾರಿಗಳ ಬಿಡಿಭಾಗ, ಟಯರು, ಕಮಾನುಪಟ್ಟಿಗಳ ಅಂಗಡಿಗಳು ರಸ್ತೆಯುದ್ದಕ್ಕೂ ಎದ್ದವು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿದಾಗ ಅವುಗಳ ನೆಲೆ ಅಲುಗಾಡಿತು. ಈ ಎಲ್ಲ ಸಂಗತಿಗಳಿಂದ ನಮಗೆ ಕಂಡುಬರುವುದಿಷ್ಟು: ಇಂದಿನ ಹೊಸಬನು ಹುಡುಕಿಕೊಂಡು ಹೋಗುವ ‘ಹಳೆಯ’ ಅಂಗಡಿ ಬಹುಪಾಲು ನಿನ್ನೆಯ ಹೊಸಬನೊಬ್ಬನು ಇಟ್ಟದ್ದು. ಅಂಗಡಿಯ ಸರಕನ್ನು ನೋಡಿ ಅವನು ಯಾವಾಗ, ಯಾವ ಕಾರಣದಿಂದ ಇಲ್ಲಿಗೆ ಬಂದನೆಂಬುದನ್ನು ಊಹಿಸುವುದು ಸಾಧ್ಯ.

ಇದಕ್ಕೆ ತಕ್ಕ ನಿದರ್ಶನ ಬಳ್ಳಾರಿಯ ಜೀನ್ಸ್. ದಂಡಿನ ಕಾಲದಲ್ಲಿ ಸೈನಿಕರ ಉಡುಪುಗಳನ್ನು ಹೊಲಿಯುತ್ತಿದ್ದ ದರ್ಜಿಗಳ ಪರಂಪರೆಗೂ ಈ ಉದ್ಯಮಕ್ಕೂ ಊರಿನವರು ನಂಟು ಹೇಳುತ್ತಾರೆ. ಈಗಿನ ವ್ಯವಸ್ಥೆಯನ್ನು ನೋಡಿದರೆ ಅದು ಒಂದೇ ಸೂರಿನ ಕೆಳಗಿನ ಕಾರ್ಖಾನೆಯಂತಿಲ್ಲ. ಒಂದು ಷರಾಯಿ ಹಲವು ಮನೆಗಳನ್ನು ಸುತ್ತಿ ಬರುತ್ತದೆ. ಒಬ್ಬನು ಬಟ್ಟೆಯನ್ನು ಪದರಪದರವಾಗಿ ಹಾಸಿ ಕತ್ತರಿಸುತ್ತಾನೆ. ಕತ್ತರಿಸಿದ ತುಂಡುಗಳ ಕಟ್ಟುಗಳು ಹೊಲಿಯುವವರ ಮನೆಗಳಿಗೆ ಹೋಗುತ್ತವೆ. ಅಲ್ಲಿ ಒಬ್ಬರು ಜೇಬು, ಒಬ್ಬರು ಪಕ್ಕದ ಹೊಲಿಗೆ, ಒಬ್ಬರು ಸೊಂಟಪಟ್ಟಿ ಹೀಗೆ ಕೆಲಸ ಹಂಚಿಕೊಳ್ಳುವುದುಂಟು. ಕಾಜಾ ಹೊಲಿಯುವುದಕ್ಕೂ ಗುಂಡಿ ಕೂರಿಸುವುದಕ್ಕೂ ಬೇರೆ ಯಂತ್ರ, ಬೇರೆ ಮನೆ. ಆಮೇಲೆ ಬಟ್ಟೆ ಒಗೆತದ ಘಟಕಗಳಿಗೆ ಹೋಗಿ ಬಣ್ಣ ಮಾಸಿಸಿಕೊಂಡು, ದಾರದ ತುದಿಗಳನ್ನು ಕತ್ತರಿಸಿಕೊಂಡು, ಇಸ್ತ್ರಿಯಾಗಿ, ಹೆಸರಿನ ಪಟ್ಟಿ ಅಂಟಿಸಿಕೊಂಡು ಹೊರಬೀಳುತ್ತದೆ. ಬಿಸಿಲಿನ ಸೀಮೆಯಲ್ಲಿ ನೀರನ್ನು ಬಹಳವಾಗಿ ಬೇಡುವ ಈ ಒಗೆತವೂ ಅದರಿಂದ ಹೊರಬರುವ ಬಣ್ಣದ ನೀರೂ ಈ ಉದ್ಯಮದ ದೊಡ್ಡ ತೊಡಕುಗಳು. ಕಾಜಾದವನ ಜೀವನವೂ ಒಗೆತದ ಘಟಕದ ಬಾಗಿಲು ತೆರೆದಿರುವುದನ್ನೇ ಅವಲಂಬಿಸಿದೆ ಎಂಬುದನ್ನು ಮರೆಯಬಾರದು.

ಹೊಸಬನ ದೃಷ್ಟಿಯಿಂದ ಇಲ್ಲಿ ಸ್ವಾರಸ್ಯವಾದುದು ಮತ್ತೊಂದಿದೆ. ಬೇರೆ ನಗರದಲ್ಲಿ ದೊಡ್ಡ ಹೆಸರಿನಿಂದ ಮಾರಾಟವಾಗುವ ಷರಾಯಿಗೂ ಬಳ್ಳಾರಿಯ ಒಂದು ಸಂದಿಯ ಮುಂಗೋಣೆಯಲ್ಲಿ ಹರಡಿಟ್ಟ ಷರಾಯಿಗೂ ಹೊಲಿಗೆಯಲ್ಲಿ ವ್ಯತ್ಯಾಸ ಕಾಣದೆ ಹೋಗಬಹುದು. ಮುಂಗೋಣೆಯೇ ಅಂಗಡಿ, ಹಿಂದಿನ ಕೋಣೆಯೇ ಕಾರ್ಖಾನೆ. ಉದ್ದ ಹೆಚ್ಚಾಯಿತೆಂದರೆ ಅಲ್ಲಿಯೇ ಕತ್ತರಿಸಿ ಕೊಡುತ್ತಾರೆ. ಇಂಥ ಮುಂಗೋಣೆಗಳಿಗೆ ಫಲಕವಿರುವುದೂ ಅಪರೂಪ, ಏಕೆಂದರೆ ಅವರ ನಿಜವಾದ ಗಿರಾಕಿಗಳು ಸಗಟಾಗಿ ಕೊಳ್ಳುವ ವರ್ತಕರು. ಒಂದೆರಡನ್ನು ಕೊಳ್ಳಲು ಬರುವ ಅಧ್ಯಾಪಕನೂ ವಿದ್ಯಾರ್ಥಿಯೂ ಅವರಿಗೆ ಅನಿರೀಕ್ಷಿತ ಅತಿಥಿಗಳು. ಆದುದರಿಂದ ಯಾರಾದರೊಬ್ಬರು ಜೊತೆಗೆ ಕರೆದುಕೊಂಡು ಹೋಗಿ ತೋರಿಸದೆ ಈ ಬಾಗಿಲು ತೆರೆಯುವುದಿಲ್ಲ. ನಗರದಲ್ಲಿ ಎಲ್ಲರೂ ಕೊಂಡಾಡುವ ವಸ್ತುವನ್ನು ಮಾಡುವವರೇ ಕಣ್ಣಿಗೆ ಬೀಳದಂತಿರುವುದು ಸೋಜಿಗ.

ಒಂದೇ ಬಗೆಯ ಅಂಗಡಿಗಳು ಒತ್ತೊತ್ತಾಗಿ ಏಕೆ ಇರುತ್ತವೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಹೆರಾಲ್ಡ್ ಹೋಟೆಲಿಂಗ್ ಎಂಬ ಅರ್ಥಶಾಸ್ತ್ರಜ್ಞನು 1929ರಲ್ಲಿ, ಒಂದು ಬೀದಿಯಲ್ಲಿ ಇಬ್ಬರು ಮಾರುವವರಿದ್ದರೆ ಒಬ್ಬರು ಮತ್ತೊಬ್ಬರ ಗಿರಾಕಿಗಳನ್ನು ಸೆಳೆಯುವ ಯತ್ನದಲ್ಲಿ ಬೀದಿಯ ನಡುವೆ ಪಕ್ಕಪಕ್ಕಕ್ಕೇ ಬಂದು ನಿಲ್ಲುವರೆಂದು ತರ್ಕಿಸಿ ತೋರಿಸಿದನು. ಬಟ್ಟೆ, ಚಿನ್ನ, ಪಾತ್ರೆಗಳ ವಿಷಯದಲ್ಲಿ ಇನ್ನೂ ಒಂದು ಕಾರಣ ಸೇರುತ್ತದೆ: ಇವು ಹೋಲಿಸಿ ನೋಡಿ ಕೊಳ್ಳುವ ವಸ್ತುಗಳು, ಅಂಗಡಿಗಳು ಒಂದೆಡೆ ಇದ್ದರೆ ಗಿರಾಕಿಯ ಕಾಲಿಗೆ ಶ್ರಮ ಕಡಮೆ. ಬೆಂಗಳೂರು ರಸ್ತೆಯ ಬಟ್ಟೆಯಂಗಡಿಗಳ ಸಾಲಿಗೆ ಈ ವಿವರಣೆ ಸಾಕು. ದಿನಬಳಕೆಯ ವಸ್ತುಗಳ ಮತ್ತು ತಿಂಡಿಯ ಅಂಗಡಿಗಳು ಮಾತ್ರ ಈ ನಿಯಮಕ್ಕೆ ಸಿಕ್ಕದೆ ಬೀದಿಬೀದಿಗೆ ಚೆದರಿವೆ. ಬೆಳಗಿನ ಒಗ್ಗರಣೆ-ಮಿರ್ಚಿಗಾಗಿ ಯಾರೂ ಬಹುದೂರ ನಡೆಯಲೊಲ್ಲರು. ಹೊರಗಿನವರಿಗಾಗಿ ಹೇಳಬೇಕಾದರೆ, ಮಂಡಾಳನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನಗಳ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿಯ ಹಿಟ್ಟನ್ನು ಉದುರಿಸಿ, ಪಕ್ಕಕ್ಕೆ ಕಡಲೆಹಿಟ್ಟಿನಲ್ಲಿ ಕರಿದ ಮೆಣಸಿನಕಾಯಿಯನ್ನಿಟ್ಟು ಕೊಡುವ ತಿಂಡಿಯಿದು. ಗಡಿಯಾಚೆಯ ತೆಲುಗಿನಲ್ಲಿ ಇದೇ ಉಗ್ಗಾಣಿ. ಮಂಡಾಳು ಎಷ್ಟು ನೆನೆಯಬೇಕೆಂಬುದರಲ್ಲಿ ಒಂದೊಂದು ಬಂಡಿಯವರದು ಒಂದೊಂದು ಪಂಥ. ಹೊಸಬನು ಇವುಗಳಲ್ಲಿ ಒಂದಕ್ಕೆ ನಿಷ್ಠನಾದನೆಂದರೆ ಅವನು ಊರಿಗೆ ಹೊಂದಿಕೊಂಡನೆಂದು ತಿಳಿಯಬಹುದು.

ಇಲ್ಲಿಯವರೆಗೆ ಹೇಳಿದ್ದು ನಗರದ ಮಾತು. ನಗರದ ಅಂಗಡಿಯನ್ನು ಸರಿಯಾಗಿ ತಿಳಿಯಬೇಕಾದರೆ ಅದಕ್ಕಿಂತ ಚಿಕ್ಕ ಪೇಟೆಗಳ ಸಂಗಡ ಅದನ್ನು ಇಟ್ಟು ನೋಡಬೇಕು. ಜರ್ಮನಿಯ ಭೂಗೋಳಶಾಸ್ತ್ರಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಊರುಗಳನ್ನು ಮೆಟ್ಟಿಲುಗಳಂತೆ ಜೋಡಿಸಿದನು. ಉಪ್ಪು, ಬೆಂಕಿಪೆಟ್ಟಿಗೆಗಳನ್ನು ಮಾರಲು ಕೆಲವೇ ಗಿರಾಕಿಗಳು ಸಾಕು. ಅವು ಹಳ್ಳಿಯಲ್ಲಿಯೂ ದೊರೆಯುತ್ತವೆ. ಕನ್ನಡಕ, ಒಡವೆ, ಪಠ್ಯಪುಸ್ತಕಗಳನ್ನು ಮಾರಿ ಬದುಕಬೇಕಾದರೆ ಬಹಳ ಗಿರಾಕಿಗಳು ಬೇಕು. ಅವು ದೊಡ್ಡ ಊರಿನಲ್ಲಿ ಮಾತ್ರ ದೊರೆಯುತ್ತವೆ. ಬಳ್ಳಾರಿಯಿಂದ ಸುಮಾರು 30 ಕಿಲೋಮೀಟರಿನೊಳಗಿರುವ ಕುರುಗೋಡು, 50 ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿರುವ ಸಿರುಗುಪ್ಪ, ಇವೆರಡನ್ನೂ ಬಳ್ಳಾರಿಯ ಕೆಳಗಿನ ಮೆಟ್ಟಿಲುಗಳೆಂದು ಮೊದಲನೋಟಕ್ಕೆ ಹೇಳಬಹುದು.

ಆದರೆ ಕುರುಗೋಡಿಗೆ ಹೋಗಿ ನಿಂತಾಗ ಈ ಮೆಟ್ಟಿಲುಗಳ ಲೆಕ್ಕ ಸ್ವಲ್ಪ ತಡವರಿಸುತ್ತದೆ. 12ನೆಯ ಶತಮಾನದಲ್ಲಿ ಕುರುಗೋಡು ಸಿಂದ ಅರಸರ ನೆಲೆ. ಬೆಟ್ಟ, ಅಲ್ಲಿಯ ಹಳೆಯ ಗುಡಿಗಳು, ದೊಡ್ಡಬಸವೇಶ್ವರನ ಏಕಶಿಲಾ ನಂದಿ, ಇವೆಲ್ಲ ಒಂದು ಕಾಲದ ಹಿರಿಮೆಯನ್ನು ಹೇಳುತ್ತವೆ. ಆಗ ಮೇಲಿನ ಮೆಟ್ಟಿಲು ಇದೇ ಆಗಿತ್ತು. ದಂಡೂ ಕಲೆಕ್ಟರನ ಕಚೇರಿಯೂ ರೈಲೂ ಬಳ್ಳಾರಿಗೆ ಬಂದ ಮೇಲೆ ಕ್ರಮ ತಲೆಕೆಳಗಾಯಿತು. ಬಹುಕಾಲ ಬಳ್ಳಾರಿ ತಾಲ್ಲೂಕಿಗೆ ಸೇರಿದ್ದ ಕುರುಗೋಡನ್ನು ಪ್ರತ್ಯೇಕ ತಾಲ್ಲೂಕು ಮಾಡುವುದಾಗಿ ಸರ್ಕಾರ 2017ರಲ್ಲಿ ಸಾರಿತು. ಕಚೇರಿ ಬಂದಲ್ಲಿಗೆ ಅರ್ಜಿ ಬರೆಯುವವರು, ಜೆರಾಕ್ಸ್ ಅಂಗಡಿ, ಚಹಾದಂಗಡಿ ಇವೂ ಬರುವುದು ಸಹಜ. ಇಲ್ಲಿಯ ಕಿರಾಣಿ ಅಂಗಡಿಗಳಲ್ಲಿ ಇಲಾಖೆಗಳಂತೆ ಸರಕನ್ನು ವಿಂಗಡಿಸುವ ಪದ್ಧತಿಯಿಲ್ಲ. ಬೆಲ್ಲ, ಹಗ್ಗ, ಔಡಲೆಣ್ಣೆ, ನೋಟುಪುಸ್ತಕ, ಪಂಪಿನ ವಾಷರು ಒಂದೇ ಗೂಡಿನಲ್ಲಿರಬಹುದು. ನಗರದಿಂದ ಹೋದವರು ಇದನ್ನು ಅಸ್ತವ್ಯಸ್ತವೆಂದು ನಗುತ್ತಾರೆ. ಕಡಮೆ ಗಿರಾಕಿಗಳಿರುವ ಊರಿನಲ್ಲಿ ಒಂದೇ ಬಗೆಯ ಸರಕನ್ನು ನೆಚ್ಚಿ ಬದುಕಲಾಗದೆಂಬುದೇ ಅದರ ಕಾರಣ. ದೊಡ್ಡಬಸವೇಶ್ವರನ ಜಾತ್ರೆಯ ದಿನಗಳಲ್ಲಿ ಮಾತ್ರ ಬಳೆಗೆ ಬೇರೆ, ಆಟಿಕೆಗೆ ಬೇರೆ, ಬೆಂಡು-ಬತ್ತಾಸಿಗೆ ಬೇರೆ ಅಂಗಡಿಗಳು ಸಾಲುಹಿಡಿಯುತ್ತವೆ. ಗಿರಾಕಿಗಳ ಸಂಖ್ಯೆ ನಗರದ್ದಾದ ಆ ಹೊತ್ತಿಗೆ ಅಂಗಡಿಯ ಕ್ರಮವೂ ನಗರದ್ದಾಗುತ್ತದೆ.

ಸಿರುಗುಪ್ಪದ ಮಾತು ಬೇರೆ. ತುಂಗಭದ್ರೆಯ ದಡದ, 2011ರಲ್ಲಿ ಸುಮಾರು ಐವತ್ತು ಸಾವಿರ ಜನವಿದ್ದ ಈ ಪಟ್ಟಣ ಭತ್ತದ ಊರು, ಅಕ್ಕಿ ಗಿರಣಿಗಳ ಊರು. ಪೇಟೆಯ ಮುಖ್ಯ ಅಂಗಡಿಗಳೆಂದರೆ ಬೀಜ, ಗೊಬ್ಬರ, ಕೀಟನಾಶಕಗಳವು; ಟ್ರಾಕ್ಟರಿನ ಮತ್ತು ಭತ್ತ ಕೊಯ್ಯುವ ಯಂತ್ರದ ಬಿಡಿಭಾಗಗಳವು. ಇಲ್ಲಿಗೆ ವರ್ಗವಾಗಿ ಬಂದ ಅಧ್ಯಾಪಕನಿಗೆ ಇವುಗಳಿಂದ ಪ್ರಯೋಜನವಿಲ್ಲವೆಂದು ತೋರಬಹುದು. ಆದರೆ ಪೇಟೆಯ ನಾಡಿಯನ್ನು ಹಿಡಿಯಬೇಕಾದರೆ ಈ ಅಂಗಡಿಗಳ ಮುಂದಿನ ಬೆಂಚಿನ ಮೇಲೆಯೇ ಕುಳಿತುಕೊಳ್ಳಬೇಕು. ಬಿತ್ತನೆಯ ಕಾಲದಲ್ಲಿ ರೈತನು ಇಲ್ಲಿಂದ ಗೊಬ್ಬರವನ್ನು ಉದ್ದರಿಯಾಗಿ ಒಯ್ಯುತ್ತಾನೆ. ಸುಗ್ಗಿಯಾದ ಮೇಲೆ ತೀರಿಸುತ್ತಾನೆ. ನಡುವಿನ ತಿಂಗಳುಗಳಲ್ಲಿ ಅಂಗಡಿಯವನೇ ಅವನ ಬ್ಯಾಂಕು, ಅವನೇ ಕೃಷಿಯ ಸಲಹೆಗಾರ. ಸಾಲ ಕೊಟ್ಟವನೇ ಔಷಧವನ್ನೂ ಮಾರುವವನಾದ್ದರಿಂದ ಆ ಸಲಹೆ ಯಾವಾಗಲೂ ನಿಸ್ಪೃಹವಾದುದೆಂದು ನಾವು ಹೇಳಲಾರೆವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತು. ಕೆಲವು ದಿನಗಳಲ್ಲಿಯೇ ಅಲ್ಲಿ ತಾತ್ಕಾಲಿಕ ತಡೆಯನ್ನು ಕೂರಿಸಿ ನೀರನ್ನು ಉಳಿಸಿಕೊಳ್ಳಲಾಯಿತು. ಕಾಲುವೆಗೆ ನೀರಿಲ್ಲದೆ ಹೋದರೆ ಗದ್ದೆಯೊಂದೇ ಒಣಗುವುದಿಲ್ಲ. ಗೊಬ್ಬರದಂಗಡಿಯ ಬಾಕಿ, ಬಟ್ಟೆಯಂಗಡಿಯ ಬಾಕಿ, ಕಿರಾಣಿಯ ಬಾಕಿ ಒಂದಕ್ಕೊಂದು ಕೊಂಡಿಯಾಗಿ ನಿಂತುಹೋಗುತ್ತವೆ.

ಸಿರುಗುಪ್ಪದಿಂದ ನೋಡಿದರೆ ಬಳ್ಳಾರಿಯೊಂದೇ ಮೇಲಿನ ಮೆಟ್ಟಿಲೆಂಬುದೂ ನಿಲ್ಲುವುದಿಲ್ಲ. ಗಡಿಯಾಚೆಯ ಆದವಾನಿ, ನದಿಯಾಚೆಯ ಸಿಂಧನೂರು ಕೈಗೆಟುಕುವಂತಿವೆ. ಮೆಣಸಿನಕಾಯಿ ಬೆಳೆದ ಬಳ್ಳಾರಿ ಸೀಮೆಯ ರೈತರಂತೂ ಮಾಲನ್ನು ಹಾವೇರಿ ಜಿಲ್ಲೆಯ ಬ್ಯಾಡಗಿಯವರೆಗೆ ಒಯ್ಯುತ್ತಾರೆ. ಕ್ರಿಸ್ಟಾಲರನ ಗಿರಾಕಿಯು ಹತ್ತಿರದ ಪೇಟೆಗೆ ಹೋಗುವವನು. ನಮ್ಮ ಗಿರಾಕಿಯು ನೆಂಟರಿರುವ, ನಂಬಿಕೆಯಿರುವ ಪೇಟೆಗೆ ಹೋಗುವವನು.

ಉದ್ದರಿಯ ಮಾತು ಬಂದಿರುವುದರಿಂದ ಅದನ್ನು ಇನ್ನಷ್ಟು ವಿಚಾರಿಸೋಣ. ಹೊಸಬನಿಗೆ ಯಾವ ಅಂಗಡಿಯವನೂ ಉದ್ದರಿ ಕೊಡುವುದಿಲ್ಲ, ಕೊಡಬಾರದು ಕೂಡ. ಅಂಗಡಿಯವನಿಗೆ ಅವನ ಮನೆ ಗೊತ್ತಿಲ್ಲ, ಕೆಲಸ ಗೊತ್ತಿಲ್ಲ, ನಾಳೆ ಇರುವನೋ ಇಲ್ಲವೋ ಗೊತ್ತಿಲ್ಲ. ಒಂದು ದಿನ ಚಿಲ್ಲರೆ ಸಾಲದೆ ಬಂದಾಗ ‘ಇರಲಿ, ನಾಳೆ ಕೊಡ್ರಿ’ ಎಂಬ ಮಾತು ಬರುತ್ತದೆ. ಆ ನಾಲ್ಕೈದು ರೂಪಾಯಿಗಳ ಉದ್ದರಿಯೇ ಊರು ಅವನನ್ನು ಸೇರಿಸಿಕೊಂಡಿತೆಂಬುದಕ್ಕೆ ಪತ್ರ. ನ್ಯೂಯಾರ್ಕಿನ ಬೀದಿಗಳನ್ನು ಕುರಿತು 1961ರಲ್ಲಿ ಬರೆದ ಜೇನ್ ಜೇಕಬ್ಸ್ ಎಂಬಾಕೆ, ಜನರು ತಮ್ಮ ಮನೆಯ ಬೀಗದ ಕೈಯನ್ನು ಬೀದಿಯ ಅಂಗಡಿಯವನಲ್ಲಿ ಬಿಟ್ಟುಹೋಗುವ ವಾಡಿಕೆಯನ್ನು ಇದೇ ಬಗೆಯ ಸಾಕ್ಷಿಯಾಗಿ ಗುರುತಿಸಿದ್ದಾಳೆ. 2016ರಲ್ಲಿ ಮೊದಲಾದ ಯುಪಿಐ ಪಾವತಿಯ ಚೌಕಟ್ಟಿನ ಚೀಟಿ ಈಗ ಮಂಡಾಳಿನ ಬಂಡಿಯ ಮೇಲೂ ಅಂಟಿದೆ. ಚಿಲ್ಲರೆಯ ತೊಂದರೆ ತಪ್ಪಿತು. ಚಿಲ್ಲರೆಯ ನೆಪದಿಂದ ಹುಟ್ಟುತ್ತಿದ್ದ ಆ ಮೊದಲ ಉದ್ದರಿಗೆ ಅವಕಾಶವೂ ತಪ್ಪಿತು. ಇದನ್ನು ನಷ್ಟವೆನ್ನಬೇಕೋ ಬೇಡವೋ ಎಂಬ ವಿಷಯದಲ್ಲಿ ನಮ್ಮ ವಿಭಾಗದಲ್ಲಿಯೇ ಏಕಾಭಿಪ್ರಾಯವಿಲ್ಲ.

ಚಿಕ್ಕ ಅಂಗಡಿಯನ್ನು ಚೆಂದವೆಂದು ಹೊಗಳುವುದರಲ್ಲಿಯೂ ಎಚ್ಚರ ಬೇಕು. ಗಿರಾಕಿಗೆ ಚೆಂದವಾಗಿ ಕಾಣುವ ಹಳೆಯ ಮರದ ಕಪಾಟು, ಒಡೆಯನಿಗೆ ಹೊಸದನ್ನು ಕೊಳ್ಳಲಾಗದ ಗುರುತಾಗಿರಬಹುದು. ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಅಂಗಡಿಯಲ್ಲಿ ಕೂರುವವನ ಮನೆಯವರ ದುಡಿಮೆಗೆ ಸಂಬಳವಿಲ್ಲ. ತೂಕದಲ್ಲಿ ಕೈಚಳಕ ತೋರುವವರೂ, ಎಣ್ಣೆಗೆ ಎಣ್ಣೆ ಬೆರೆಸುವವರೂ ಇಲ್ಲವೆನ್ನುವಂತಿಲ್ಲ. ಮುದ್ರೆಯೊತ್ತಿದ ಪೊಟ್ಟಣವನ್ನು ಹೊಸಬನು ನಂಬುವುದು ಅವಿವೇಕವಲ್ಲ. ಆದರೂ ಒಂದು ಊರಿನಿಂದ ಸ್ವಂತ ಅಂಗಡಿಗಳು ಇಲ್ಲವಾದರೆ ಏನು ಕಳೆದುಹೋಗುತ್ತದೆಂಬುದನ್ನು ಸ್ಪಷ್ಟವಾಗಿ ಹೇಳುವುದು ಸಾಧ್ಯ. ದಿನಗೂಲಿಯವನು ಒಂದು ದಿನಕ್ಕೆ ಬೇಕಾದಷ್ಟು ಎಣ್ಣೆಯನ್ನು ಮಾತ್ರ ಕೊಳ್ಳುವ ಅನುಕೂಲ ಹೋಗುತ್ತದೆ. ಮಿಕ್ಸರಿನ ಜಾರು, ಕೊಡೆಯ ಕಡ್ಡಿ, ಕುಕ್ಕರಿನ ಹಿಡಿಗಳನ್ನು ದುರಸ್ತಿ ಮಾಡುವ ಕೈ ಹೋಗುತ್ತದೆ. ಕೆಲಸವಿಲ್ಲದ ತಿಂಗಳಲ್ಲಿ ಅಕ್ಕಿಯನ್ನು ಬರೆಸಿ ಒಯ್ಯುವ ದಾರಿ ಹೋಗುತ್ತದೆ. 2020ರ ಮಾರ್ಚ್ 25ರಂದು ದೇಶದಾದ್ಯಂತ ಓಡಾಟ ನಿಂತಾಗ, ಬೀದಿಯ ತುದಿಯ ಕಿರಾಣಿ ಅಂಗಡಿ ಎಂದರೇನೆಂಬುದು ಅಲ್ಲಿಯವರೆಗೆ ಅದರ ಕಡೆ ನೋಡದವರಿಗೂ ತಿಳಿಯಿತು. ಉಳ್ಳವನಿಗೆ ಸ್ವಂತ ಅಂಗಡಿ ಒಂದು ಅಭಿರುಚಿ. ಇಲ್ಲದವನಿಗೆ ಅದೇ ಆಧಾರ. ಹೊಸದಾಗಿ ಬಂದ ನಮ್ಮಂಥವರ ಗಮನವು ಈ ಎರಡನೆಯದರ ಕಡೆಗೂ ಹರಿಯಬೇಕು.

ಈ ಅಂಗಡಿಗಳ ಚರಿತ್ರೆಯನ್ನು ಬರೆದಿಡುವ ಕೆಲಸ ಇನ್ನೂ ನಡೆಯಬೇಕಾಗಿದೆ. ಡಬ್ಲ್ಯು. ಫ್ರಾನ್ಸಿಸ್ 1904ರಲ್ಲಿ ಹೊರತಂದ ಬಳ್ಳಾರಿ ಗ್ಯಾಸೆಟಿಯರು ಇಂದಿಗೂ ಉಪಯುಕ್ತ. ಆದರೆ ಗ್ಯಾಸೆಟಿಯರುಗಳ ಲಕ್ಷ್ಯವೆಲ್ಲ ಬೆಳೆ, ಕೈಗಾರಿಕೆ, ಸಗಟು ವ್ಯಾಪಾರಗಳ ಮೇಲೆ. ಚಿಲ್ಲರೆ ಅಂಗಡಿಯ ದಾಖಲೆಯೆಂದರೆ ಅದರ ಉದ್ದರಿಯ ಪುಸ್ತಕ. ಬಾಕಿ ತೀರಿದ ಮೇಲೆ ಅದು ಗೆದ್ದಲಿಗೋ ರದ್ದಿಗೋ ಹೋಗುತ್ತದೆ. ಮಕ್ಕಳು ಓದಿ ಬೇರೆ ಉದ್ಯೋಗಕ್ಕೆ ಹೋದ ಕಡೆ ಅಂಗಡಿಯೇ ಮುಚ್ಚುತ್ತದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಬೀದಿಯ ಹತ್ತು ಅಂಗಡಿಗಳನ್ನು ಆರಿಸಿಕೊಂಡು, ಮೊದಲು ಇಟ್ಟವರು ಯಾರು, ಎಲ್ಲಿಂದ ಬಂದರು, ಸರಕು ಹಿಂದೆ ಏನಿತ್ತು, ಈಗ ಏನಿದೆ, ಯಾವ ಭಾಷೆಯಲ್ಲಿ ಲೆಕ್ಕ ಬರೆಯುತ್ತಾರೆ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಬರೆದುತಂದರೂ ಸಾಕು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಅಧ್ಯಾಪಕರು ವಹಿಸಿಕೊಳ್ಳಬಹುದು. ಬಾಕಿದಾರರ ಹೆಸರುಗಳನ್ನು ಬರೆದುಕೊಳ್ಳಬಾರದು. ಬೆಳಗಿನ ಬೋಣಿಗೆಯಾಗುವ ಮೊದಲು ಪ್ರಶ್ನೆ ಕೇಳಬಾರದು. ಅಮಾವಾಸ್ಯೆಯ ಪೂಜೆಯ ಹೊತ್ತಿನಲ್ಲಿಯೂ ಬೇಡ. ಬಳ್ಳಾರಿಯ ಬಿಸಿಲಿನಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ವಿರಳ. ಅಂಗಡಿಯವರು ಬಿಡುವಾಗಿ ಮಾತನಾಡುವುದು ಆ ಹೊತ್ತಿನಲ್ಲಿಯೇ.